ಜ್ಯಾಕ್ ರಸೆಲ್ ಟೆರಿಯರ್ ಸಾಕುವ ಮುನ್ನ ಅದರ ಕಸುಬು ತಿಳಿಯಿರಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ನಾಯಿ ಸಾಕಲು ಹೊರಟವರು ಮೊದಲು ವಿಚಾರಿಸುವುದು ಅದರ ಗಾತ್ರವನ್ನು. 25ರಿಂದ 30 ಸೆಂಟಿಮೀಟರ್ ಎತ್ತರದ, ಐದಾರು ಕಿಲೋ ತೂಗುವ ಜ್ಯಾಕ್ ರಸೆಲ್ ಟೆರಿಯರ್ ಈ ಲೆಕ್ಕಕ್ಕೆ ಸಲೀಸಾಗಿ ಹೊಂದುತ್ತದೆ. ಆದರೆ ಈ ತಳಿಯನ್ನು ರೂಪಿಸಿದ ಕಸುಬನ್ನು ತಿಳಿಯದೆ ಮನೆಗೆ ತಂದರೆ ನಾಯಿಗೂ ಮನೆಯವರಿಗೂ ಕಷ್ಟ.

ಆದ್ದರಿಂದ ಮೊದಲ ಹೆಜ್ಜೆ, ಇದರ ಹುಟ್ಟನ್ನು ಅರಿಯುವುದು. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿ ಜಾನ್ ರಸೆಲ್ (1795–1883) ನರಿಬೇಟೆಯ ಮಹಾ ವ್ಯಸನಿ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಅವರು ಹಾಲು ಮಾರುವವನೊಬ್ಬನಿಂದ ‘ಟ್ರಂಪ್’ ಎಂಬ ಹೆಣ್ಣು ಟೆರಿಯರ್ ಕೊಂಡರು. ಬಿಳಿ ಮೈಯ, ಕಣ್ಣು ಕಿವಿಗಳ ಮೇಲೆ ಕಂದು ಮಚ್ಚೆಯಿದ್ದ ಆ ನಾಯಿಯಿಂದಲೇ ಈ ವಂಶ ಬೆಳೆಯಿತು. ಬೇಟೆನಾಯಿಗಳು ಅಟ್ಟಿಸಿಕೊಂಡು ಹೋದ ನರಿ ಬಿಲ ಹೊಕ್ಕಾಗ, ಹಿಂದೆಯೇ ನುಗ್ಗಿ, ಅದನ್ನು ಕೊಲ್ಲದೆ, ಬೊಗಳಿ ಬೊಗಳಿ ಹೊರಗಟ್ಟುವುದು ಟೆರಿಯರ್‌ನ ಕೆಲಸವಾಗಿತ್ತು. ಬಿಲದಲ್ಲಿ ಸಿಕ್ಕಿಕೊಳ್ಳಬಾರದೆಂದು ಎರಡು ಅಂಗೈಗಳ ಹಿಡಿತಕ್ಕೆ ಸಿಗುವಷ್ಟು ಕಿರಿದಾದ ಎದೆಯನ್ನೂ, ನರಿಯೆಂದು ತಪ್ಪು ತಿಳಿಯಬಾರದೆಂದು ಬಿಳಿ ಬಣ್ಣವನ್ನೂ ಆರಿಸಲಾಯಿತು. ಕಾಲು ತುಸು ಉದ್ದವಿರುವ ಇದರ ದಾಯಾದಿಯನ್ನು ಪಾರ್ಸನ್ ರಸೆಲ್ ಎನ್ನುತ್ತಾರೆ; ಗಿಡ್ಡ ತಳಿ ಈಗಿನ ರೂಪಕ್ಕೆ ಬಂದದ್ದು ಆಸ್ಟ್ರೇಲಿಯಾದಲ್ಲಿ.

ಒಡೆಯನ ದನಿ ಕೇಳಿಸದ ಕತ್ತಲ ಬಿಲದಲ್ಲಿ ತನ್ನ ಬುದ್ಧಿಯಿಂದಲೇ ಮುಂದುವರಿಯಬೇಕಾಗಿದ್ದ ನಾಯಿ ಇದು. ನಾವು ಹಟಮಾರಿತನ, ಗಲಾಟೆ, ತಂಟೆ ಎಂದು ದೂರುವುದೆಲ್ಲ ಆ ಕೆಲಸದ ಅರ್ಹತೆಗಳೇ. ಜಯನಗರದ ಫುಟ್‌ಪಾತಿನಲ್ಲಿ ಚರಂಡಿಯ ಚಪ್ಪಡಿಯಡಿ ಹೆಗ್ಗಣ ಸರಿದಾಡಿದರೆ ಇದು ಥಟ್ಟನೆ ನಿಲ್ಲುತ್ತದೆ. ಒಂದು ಮುಂಗಾಲು ನೆಲ ಬಿಟ್ಟಿರುತ್ತದೆ, ಮೂಗು ಸಂದಿಯಲ್ಲಿರುತ್ತದೆ, ಬಾಲದ ತುದಿ ನಡುಗುತ್ತಿರುತ್ತದೆ. ಆ ಗಳಿಗೆಯಲ್ಲಿ ಹೆಸರು ಹಿಡಿದು ಎಷ್ಟು ಕೂಗಿದರೂ ವ್ಯರ್ಥ.

ಎರಡನೆಯದು ಮರಿಯ ಆಯ್ಕೆ. ತಾಯಿನಾಯಿಯನ್ನು ನೋಡದೆ ಮರಿ ಕೊಳ್ಳಬೇಡಿ. ಕಣ್ಣಿನ ಮಸೂರ ಜಾರುವುದು, ಮಂಡಿಚಿಪ್ಪು ಸರಿಯುವುದು, ಹುಟ್ಟುಕಿವುಡು ಈ ತಳಿಯಲ್ಲಿ ಕಂಡುಬರುವ ತೊಂದರೆಗಳು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ನಿಮ್ಮ ವೈದ್ಯರ ಬಳಿಯೋ ತಪಾಸಣೆ ಮಾಡಿಸಿ. ರೇಬಿಸ್ ಲಸಿಕೆಯ ಜೊತೆಗೆ, ಹೆಗ್ಗಣಗಳ ಬೆನ್ನು ಹತ್ತುವ ಈ ನಾಯಿಗೆ ಇಲಿಜ್ವರದ ಲಸಿಕೆಯೂ ಅಗತ್ಯ.

ಮೂರನೆಯದಾಗಿ ಮನೆಯ ಸಿದ್ಧತೆ. ಬಾಲ್ಕನಿಯ ಕಂಬಿಗಳ ಸಂದಿಗೂ ಗೇಟಿನ ಅಡಿಗೂ ಜಾಲರಿ ಹಾಕಿಸಿ. ಅಗಲವಾದ ಟಬ್ಬಿನಲ್ಲಿ ಮರಳು ಬೆರೆಸಿದ ಮಣ್ಣು ತುಂಬಿ, ಅದರಲ್ಲಿ ಆಟಿಕೆಯನ್ನೋ ತಿನಿಸನ್ನೋ ಹೂತಿಟ್ಟು, ಅಗೆಯಲು ಬಿಡಿ. ನನ್ನ ಅಭಿಪ್ರಾಯದಲ್ಲಿ ದುಬಾರಿ ಹಾಸಿಗೆಗಿಂತ ಈ ಟಬ್ಬು ಹೆಚ್ಚು ಮುಖ್ಯ, ಏಕೆಂದರೆ ಅಗೆಯುವ ಚಪಲಕ್ಕೆ ಜಾಗ ಸಿಗದಿದ್ದರೆ ಹೂಕುಂಡಗಳೂ ಸೋಫಾದ ಮೂಲೆಗಳೂ ಬಲಿಯಾಗುತ್ತವೆ. ಮೊಲ, ಗಿನಿಪಿಗ್ ಇರುವ ಮನೆಗೆ ಈ ತಳಿ ಬೇಡವೇ ಬೇಡ.

ನಾಲ್ಕನೆಯದು ದಿನಚರಿ. ದಿನಕ್ಕೆ ಕನಿಷ್ಠ ಒಂದು ಗಂಟೆ ಓಟ, ನಡಿಗೆ ಬೇಕು. ಏಪ್ರಿಲ್‌ನಲ್ಲಿ ಟಾರು ಕಾಯುವ ಮುನ್ನವೇ ಬೆಳಗಿನ ಸುತ್ತು ಮುಗಿಸಿ. ರಸ್ತೆಯಲ್ಲಿ ಹಗ್ಗ ಬಿಚ್ಚಬೇಡಿ. ತನಗಿಂತ ನಾಲ್ಕು ಪಟ್ಟು ದೊಡ್ಡದಾದ ಬೀದಿನಾಯಿಗೂ ಇದು ಎದೆಗೊಟ್ಟು ನಿಲ್ಲುತ್ತದೆ. ಗದರಿದರೆ ಮೊಂಡು ಬೀಳುವ ಇದು ತಿನಿಸು, ಚೆಂಡಿನ ಆಸೆಗೆ ಬೇಗ ಕಲಿಯುತ್ತದೆ. ಪಾಠ ಐದು ನಿಮಿಷ ಮೀರದಿರಲಿ.

ಮನೆಯವರೊಂದಿಗೆ ಅಪಾರ ಅಕ್ಕರೆಯಿರುವ ನಾಯಿಯಾದರೂ ಬಾಲ ಎಳೆಯುವ ಪುಟ್ಟ ಮಕ್ಕಳನ್ನು ಸಹಿಸುವುದಿಲ್ಲ. ಅವರ ಜೊತೆ ಒಂಟಿಯಾಗಿ ಬಿಡಬೇಡಿ.

ಕೊನೆಯದಾಗಿ, ಇಬ್ಬರೂ ಆಫೀಸಿಗೆ ಹೋಗುವ ಮನೆಯವರು ಮರಿಯನ್ನು ಮೊದಲ ವಾರದಿಂದಲೇ ಕೆಲವೇ ನಿಮಿಷ ಒಂಟಿಯಾಗಿ ಬಿಟ್ಟು, ಅದು ಸುಮ್ಮನಿದ್ದಾಗ ಮರಳಿ, ಅವಧಿಯನ್ನು ನಿಧಾನವಾಗಿ ಹೆಚ್ಚಿಸುತ್ತ ಅಭ್ಯಾಸ ಮಾಡಿಸಬೇಕು. ಇಡೀ ಹಗಲು ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಬೇರೆ ತಳಿಯನ್ನು ನೋಡುವುದೇ ಒಳ್ಳೆಯದು.