ಬೋಲ್ಡರ್‌ಗೆ ಬಂದಿದ್ದೀರಾ? ಬೆಟ್ಟ ಆಮೇಲೆ ಹತ್ತಿ

ಅಮೆರಿಕದ ಕೊಲರಾಡೊದ ಬೋಲ್ಡರ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ ಈ ಮಾತು. ಬ್ಯಾಂಕ್ ಖಾತೆ, ಲೈಸೆನ್ಸು, ಫೋನಿನ ಸಿಮ್ಮು ಇವನ್ನೆಲ್ಲ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಯಾರಾದರೂ ಹೇಳಿಕೊಡುತ್ತಾರೆ, ಬಿಡಿ. ಈ ಊರಲ್ಲಿ ಚಿತ್ರ, ಶಿಲ್ಪ, ಮಡಕೆ ನೋಡೋಕೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮಾತ್ರ ನಮ್ಮವರು ಯಾರೂ ಹೇಳುವುದಿಲ್ಲ. ಏಕೆಂದರೆ ಹೋಗಿರುವುದಿಲ್ಲ.

ನಮ್ಮವರ ವೀಕೆಂಡ್ ಗೊತ್ತಿದ್ದದ್ದೇ. ಫ್ಲಾಟೈರನ್ಸ್ ಬಂಡೆಗಳ ಮುಂದೆ ಒಂದು ಫೋಟೊ, ಆಮೇಲೆ ಅಂಗಡಿಯಿಂದ ಅಕ್ಕಿ ಮೂಟೆ. 13ನೇ ಬೀದಿಯಲ್ಲಿ ಶನಿವಾರ ರೈತರ ಸಂತೆ ನಡೆಯುವ ಕಾಲದಲ್ಲಿ ಅಲ್ಲಿಗೂ ಹೋಗಿ, ಟೊಮೆಟೊ ಬೆಲೆ ಕೇಳಿ ಬೆಚ್ಚಿ ವಾಪಸ್ ಬರುತ್ತಾರೆ. ಸಂತೆಯ ಪಕ್ಕದಲ್ಲೇ 1972ರಲ್ಲಿ ಶುರುವಾದ ಸಮಕಾಲೀನ ಕಲೆಯ ಮ್ಯೂಸಿಯಂ ಇದೆ. ಒಳಗೆ ಹೋಗೋಣ ಅಂದರೆ "ನಮಗೇನು ಅರ್ಥ ಆಗುತ್ತೆ" ಅನ್ನುತ್ತಾರೆ. ಅರ್ಥ ಆಗಲೇಬೇಕು ಅಂತ ಯಾರು ಹೇಳಿದ್ದು? ಟಿಕೆಟ್ಟಿನದೇ ಚಿಂತೆಯಾದರೆ ಕ್ಯಾಂಪಸ್ಸಿನೊಳಗಿನ ಸಿಯು (ಕೊಲರಾಡೊ ಯೂನಿವರ್ಸಿಟಿ) ಆರ್ಟ್ ಮ್ಯೂಸಿಯಂಗೆ ಹೋಗಿ. ಅಲ್ಲಿ ಪ್ರವೇಶ ಉಚಿತ.

ಊರಿಂದ ಅಪ್ಪ ಅಮ್ಮ ಬಂದರೆ ಮಾಲ್ ಸುತ್ತಿಸಬೇಡಿ, ಅದೇ 13ನೇ ಬೀದಿಯ ದುಶಾನ್ಬೆ ಟೀಹೌಸಿಗೆ ಕರೆದುಕೊಂಡು ಹೋಗಿ. ತಜಕಿಸ್ತಾನದ ದುಶಾನ್ಬೆ ಬೋಲ್ಡರಿನ ಸೋದರಿ ನಗರ. ಅಲ್ಲಿನ ಕುಶಲಕರ್ಮಿಗಳು ಕೈಯಲ್ಲೇ ಕೆತ್ತಿ, ಬಣ್ಣ ಹಚ್ಚಿ, ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಕಳಿಸಿದ ಕಟ್ಟಡ ಅದು. 1998ರಲ್ಲಿ ಬಾಗಿಲು ತೆರೆಯಿತು. ಈ ದೇಶದಲ್ಲಿ ಏನನ್ನೂ ಮೆಚ್ಚದ ನಮ್ಮಪ್ಪ ಅಲ್ಲಿ ಒಂದು ಮರದ ಕಂಬದ ಬಳಿ ನಿಂತುಬಿಟ್ಟರು. ಬಳ್ಳಿ ಕೆತ್ತಿದ ಕಡೆ ಬೆರಳಾಡಿಸಿ, "ನಮ್ಮ ಸಾಗರದ ಗುಡಿಗಾರರ ಕೈ ಇದ್ದಂಗಿದೆ" ಅಂದರು. ಟೀ ಆರಿ ತಣ್ಣಗಾಯಿತು. ಆ ಟೀ ಬೆಲೆ ಅವರಿಗೆ ಹೇಳಲಿಲ್ಲ. ನೀವೂ ಹೇಳಬೇಡಿ.

ಅಕ್ಟೋಬರ್ ತಿಂಗಳನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಓಪನ್ ಸ್ಟುಡಿಯೋಸ್ ಅಂತ ನಡೆಯುತ್ತದೆ. ಕಲಾವಿದರು ತಾವು ಕೆಲಸ ಮಾಡುವ ಜಾಗಕ್ಕೇ ಜನರನ್ನು ಕರೆಯುತ್ತಾರೆ. ಮನೆಯ ಗ್ಯಾರೇಜೇ ಸ್ಟುಡಿಯೋ ಆಗಿರುವುದೂ ಉಂಟು. ಒಳಗೆ ಕಾಲಿಟ್ಟ ತಕ್ಷಣ "ಹೌ ಮಚ್" ಅನ್ನಬೇಡಿ, ದಮ್ಮಯ್ಯ. "ಇದನ್ನು ಹೇಗೆ ಮಾಡಿದಿರಿ" ಅಂತ ಕೇಳಿ ನೋಡಿ, ಮಾತು ತಾನಾಗಿ ಬರುತ್ತದೆ. ಕೊಳ್ಳದೆ ಹೊರಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಕ್ಕಳನ್ನೂ ಕರೆದುಕೊಂಡು ಹೋಗಿ. ಹಾಗನ್ನುವುದಕ್ಕೆ ಕಾರಣ ಬೇರೆ. ಇಲ್ಲಿ ನಾವು ಅವರಿಗೆ ಕಲೆ ಅಂದರೆ ಫೀಸು, ಲೆವೆಲ್ಲು, ಸರ್ಟಿಫಿಕೇಟು ಮಾಡಿಟ್ಟಿದ್ದೇವೆ. ಗದ್ದೆ ಬಯಲಲ್ಲಿ ಯಕ್ಷಗಾನದ ಆಟ ನೋಡುತ್ತಾ ಅಜ್ಜಿಯ ತೊಡೆ ಮೇಲೆ ನಿದ್ದೆ ಹೋದವರು ನಾವು. ನೀನು ಯಾವ ಲೆವೆಲ್ಲು ಅಂತ ನಮ್ಮನ್ನು ಯಾರೂ ಕೇಳಿರಲಿಲ್ಲ. ಆ ಬಯಲನ್ನು ಮಗಳಿಗೆ ಕೊಡಲು ನನ್ನಿಂದ ಆಗಲಿಲ್ಲ. ಆದರೆ ಯಾರದ್ದೋ ಗ್ಯಾರೇಜಿನಲ್ಲಿ, ಬಿಳಿ ಕೂದಲಿನ ಒಬ್ಬರು ಸೊಟ್ಟಗಾದ ಬಟ್ಟಲನ್ನು ನಗುತ್ತಾ ಮತ್ತೆ ಮಣ್ಣಿನ ಮುದ್ದೆ ಮಾಡಿದ್ದನ್ನು ಅವಳು ನೋಡಿದಳು. "ಅವರಿಗೆ ಮಾರ್ಕ್ಸ್ ಕಟ್ ಆಗಲ್ವಾ?" ಅಂತ ಕೇಳಿದಳು. ನಾನು ಏನು ಹೇಳಲಿ?

ಅಕ್ಟೋಬರ್‌ವರೆಗೆ ಕಾಯಬೇಕಿಲ್ಲ. ತಿಂಗಳ ಮೊದಲ ಶುಕ್ರವಾರ ಸಂಜೆ ಊರಿನ ಉತ್ತರ ತುದಿಯ ನೋಬೋದಲ್ಲಿ (ನಾರ್ತ್ ಬೋಲ್ಡರ್) ಗ್ಯಾಲರಿಗಳು ತೆರೆದಿರುತ್ತವೆ. ಬ್ರಾಡ್‌ವೇಯಲ್ಲಿ ಸ್ಕಿಪ್ ಬಸ್ಸು ಹತ್ತಿದರೆ ಆಯಿತು. ಮಕ್ಕಳಿಗೆ ಮನೆಯಲ್ಲೇ ಮೊಸರನ್ನ ತಿನ್ನಿಸಿಕೊಂಡು ಹೊರಡಿ. ಅಲ್ಲಿ ಚೀಸು, ದ್ರಾಕ್ಷಿ ಬಿಟ್ಟು ಹೊಟ್ಟೆಗೆ ಜಾಸ್ತಿ ಏನೂ ಸಿಗುವುದಿಲ್ಲ.