ನೀತಿ ಹೇಳುವುದು ಅಜ್ಜ, ಕೊನೆ ಮಾತು ಮೊಮ್ಮಗಳದ್ದು

ಹಳೆಯ ನೀತಿಕಥೆಗಳನ್ನೇ ಹಿಡಿದು ನಗಿಸುವ ಒಂದು ಪುಟ್ಟ ಸರಣಿಯನ್ನು ನಮ್ಮೂರಿನ ಕೇಬಲ್ ಚಾನೆಲ್‌ಗೆ ಮಾಡುತ್ತಿದ್ದೇವೆ. ಒಂದೊಂದು ಕಂತು ಸುಮಾರು ಐದು ನಿಮಿಷ. ನಟರೆಲ್ಲ ಬೇಸಿಗೆ ಶಿಬಿರದಲ್ಲಿ ಸಿಕ್ಕ ಮಕ್ಕಳು. ಬರೆಯುವುದು, ಆಡಿಸುವುದು ನಾನು. ಶಾಲೆಗಳಲ್ಲಿ ನಾಟಕ ಮಾಡಿಸುವ ಗೆಳೆಯರು ‘ಹೇಗೆ ಬರೀತೀರಿ?’ ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ದಾರಿ ತೋರಿಸಿದ್ದು ‘ಈಸೋಪ್ ಅಂಡ್ ಸನ್’. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1959ರಲ್ಲಿ ಶುರುವಾದ ‘ರಾಕಿ ಅಂಡ್ ಹಿಸ್ ಫ್ರೆಂಡ್ಸ್’ ಕಾರ್ಟೂನ್ ಕಾರ್ಯಕ್ರಮದೊಳಗೆ ಬರುತ್ತಿದ್ದ ತುಣುಕು ಅದು. ನಿರ್ಮಾಪಕ ಜೇ ವಾರ್ಡ್, ಮುಖ್ಯ ಬರಹಗಾರ ಬಿಲ್ ಸ್ಕಾಟ್. ಈಸೋಪ ಮಗನನ್ನು ಕೂರಿಸಿಕೊಂಡು ಕಥೆ ಹೇಳುತ್ತಾನೆ, ಕೊನೆಗೆ ಗಂಭೀರವಾಗಿ ನೀತಿ ಹೇಳುತ್ತಾನೆ. ಮಗ ಸುಮ್ಮನಿರುವುದಿಲ್ಲ, ಅದೇ ಕಥೆಗೆ ತನ್ನದೊಂದು ನೀತಿ ಹೇಳಿಬಿಡುತ್ತಾನೆ. ಖರ್ಚು ಉಳಿಸಲು ಅದರ ಚಿತ್ರಗಳನ್ನು ಮೆಕ್ಸಿಕೋದ ಸ್ಟುಡಿಯೋದಲ್ಲಿ ಮಾಡಿಸುತ್ತಿದ್ದರು. ಗೆರೆ ಒರಟು, ಚಲನೆ ಕಡಿಮೆ. ಆದರೂ ಮಾತು ಮತ್ತು ದನಿಯ ಬಲದ ಮೇಲೆ ಇಡೀ ತುಣುಕು ನಿಲ್ಲುತ್ತದೆ. ದುಡ್ಡಿಲ್ಲದ ನಮಗೆ ಅದನ್ನು ನೋಡಿಯೇ ಧೈರ್ಯ ಬಂದದ್ದು.

ಇನ್ನೊಂದು ದಾರಿಯೂ ಇತ್ತು. ಬ್ರಿಟನ್ನಿನ ಐಟಿವಿಯಲ್ಲಿ 2000ದಲ್ಲಿ ಶುರುವಾದ ‘ಗ್ರಿಜ್ಲಿ ಟೇಲ್ಸ್’ನಲ್ಲಿ ತುಂಟ ಮಕ್ಕಳಿಗೆ ಭಯಂಕರ ಶಿಕ್ಷೆ ಕಾದಿರುತ್ತದೆ. ಆ ಜಾಡು ಹಳೆಯದು. ಜರ್ಮನಿಯ ವೈದ್ಯ ಹೈನ್‌ರಿಖ್ ಹಾಫ್‌ಮನ್ 1845ರಲ್ಲಿ ಅಚ್ಚು ಹಾಕಿಸಿದ ಮಕ್ಕಳ ಪುಸ್ತಕದಲ್ಲೇ, ಬೆರಳು ಚೀಪುವ ಹುಡುಗನ ಹೆಬ್ಬೆರಳುಗಳನ್ನು ದರ್ಜಿಯೊಬ್ಬ ಕತ್ತರಿಸಿಬಿಡುತ್ತಾನೆ. ತಪ್ಪು ಸಣ್ಣದು, ಶಿಕ್ಷೆ ವಿಪರೀತ. ಆ ವಿಪರೀತವೇ ಅಲ್ಲಿನ ನಗು. ನಾನು ಆ ಕಡೆ ಹೋಗಲಿಲ್ಲ. ನಮ್ಮ ಶಿಬಿರಕ್ಕೆ ಬರುವವರಲ್ಲಿ ಏಳೆಂಟು ವರ್ಷದವರೇ ಜಾಸ್ತಿ. ಗುಮ್ಮ ಬರುತ್ತಾನೆ, ಪೊಲೀಸ್ ಹಿಡಿದುಕೊಂಡು ಹೋಗುತ್ತಾನೆ ಅಂತ ಮನೆಯಲ್ಲಿ ಇವತ್ತಿಗೂ ಕೇಳಿಸಿಕೊಳ್ಳುವ ಮಕ್ಕಳು. ಹೆದರಿಕೆಯನ್ನು ನೋಡಿ ನಗಬೇಕಾದರೆ ಮೊದಲು ಅದರಿಂದ ಸ್ವಲ್ಪ ದೂರ ಬಂದಿರಬೇಕು.

ಹಾಗಾದರೆ ಯಾವುದನ್ನು ತಮಾಷೆ ಮಾಡಬೇಕು? ಕಥೆಯನ್ನಲ್ಲ. ಕಥೆ ಮುಗಿದ ಮೇಲೆ ‘ನೀತಿ:’ ಅಂತ ಬರುವ ಆ ಒಂದು ಸಾಲನ್ನು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದುರ್ಗಸಿಂಹ 11ನೇ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಪಂಚತಂತ್ರ ಓದಿ ನೋಡಿ, ಅಲ್ಲಿ ಯಾರೂ ಒಂದು ಕಥೆ ಹೇಳಿ ಕೈ ತೊಳೆದುಕೊಳ್ಳುವುದಿಲ್ಲ. ಕರಟಕ, ದಮನಕ ಎಂಬ ಎರಡು ನರಿಗಳು ವಾದ ಮಾಡುತ್ತಾ ಒಬ್ಬರಿಗೊಬ್ಬರು ಕಥೆ ಹೇಳುತ್ತವೆ. ಒಂದು ಕಥೆಗೆ ಇನ್ನೊಂದು ಕಥೆಯೇ ಉತ್ತರ. ಅಂದರೆ ಎದುರು ಮಾತು ಆ ಕಥೆಗಳ ಹುಟ್ಟಿನಲ್ಲೇ ಇದೆ. ಒಂದೊಂದನ್ನೇ ಕಿತ್ತು, ಕೆಳಗೆ ಒಂದು ಸಾಲು ನೀತಿ ಬರೆದಾಗ ಆ ವಾದ ಸತ್ತುಹೋಗುತ್ತದೆ. ಅದನ್ನು ಮತ್ತೆ ಎಬ್ಬಿಸುವುದೇ ನನ್ನ ಕೆಲಸ ಅಂದುಕೊಂಡಿದ್ದೇನೆ.

ಬರೆಯುವಾಗ ಕೊನೆಯಿಂದ ಶುರು ಮಾಡುತ್ತೇನೆ. ಅಜ್ಜ ಹೇಳುವ ಗಾದೆ ಯಾವುದು, ಅದಕ್ಕೆ ಮೊಮ್ಮಗಳು ಎದುರು ಹಾಕುವ ಗಾದೆ ಯಾವುದು? ಆಮೆ–ಮೊಲದ ಕಥೆಗೆ ಅಜ್ಜನದು ‘ನಿಧಾನವೇ ಪ್ರಧಾನ’, ಮೊಮ್ಮಗಳದು ‘ಆಲಸ್ಯಂ ಅಮೃತಂ ವಿಷಂ’. ಎರಡನ್ನೂ ಮಕ್ಕಳು ಒಂದೇ ಮನೆಯಲ್ಲಿ, ಒಂದೇ ಬಾಯಿಂದ ಕೇಳಿರುತ್ತಾರೆ ಅಲ್ವಾ? ಜೋಡಿ ಸಿಕ್ಕಿದರೆ ಕಂತಿನ ಅರ್ಧ ಕೆಲಸ ಮುಗಿಯಿತು. ಆಮೇಲೆ ಎರಡೂ ನಿಜವಾಗುವ ಹಾಗೆ ಕಥೆಯನ್ನು ನಡೆಸುತ್ತೇನೆ.

ಹಂಸಗಳು ಮತ್ತು ಮಾತಾಡುವ ಆಮೆಯ ಕಂತನ್ನೇ ನೋಡಿ. ಎರಡು ಸ್ಟೂಲಿನ ಮೇಲೆ ಇಬ್ಬರು ಹುಡುಗಿಯರು, ಮಧ್ಯೆ ಒಂದು ಬಿದಿರು ಕೋಲು, ಅದನ್ನು ಹಲ್ಲಲ್ಲಿ ಕಚ್ಚಿದ ಹಾಗೆ ನಟಿಸುವ ಹುಡುಗ. ಬೆನ್ನಿಗೆ ಕಟ್ಟಿದ ಬಿದಿರಿನ ಮೊರವೇ ಆಮೆಯ ಚಿಪ್ಪು. ಆಮೆ ಬಾಯಿ ಬಿಟ್ಟಿತು, ಬಿತ್ತು, ಅಜ್ಜ ‘ಮಾತು ಬೆಳ್ಳಿ, ಮೌನ ಬಂಗಾರ’ ಅಂದ. ತಾಲೀಮಿನಲ್ಲಿ ಹಂಸದ ಪಾತ್ರದ ಹುಡುಗಿ ಸ್ಟೂಲಿನಿಂದ ಇಳಿದು ಬಂದು ಕೇಳಿದಳು: “ಸರ್, ಅದನ್ನ ಒಂದು ಬುಟ್ಟೀಲಿ ಕೂರಿಸ್ಕೊಂಡು ಹೋಗಬಹುದಿತ್ತಲ್ಲ? ಬಾಯಲ್ಲಿ ಕಚ್ಕೋ ಅಂತ ಹೇಳಿದ್ದು ಯಾರು?” ಆ ಮಾತನ್ನು ಹಾಗೇ ಮೊಮ್ಮಗಳ ಬಾಯಿಗೆ ಹಾಕಿದೆ. ಕೊನೆಗೆ ಅವಳ ಗಾದೆ: ‘ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ.’ ನಮ್ಮ ಕಂತುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ.

ಅಜ್ಜನ ಪಾತ್ರ ಮಾಡುವವರು ನಿವೃತ್ತ ಮೇಷ್ಟ್ರು. ಅವರಿಗೆ ನಾನು ಹೇಳುವುದು ಒಂದೇ: ನಗಿಸೋಕೆ ಹೋಗಬೇಡಿ. ತರಗತಿಯಲ್ಲಿ ಹೇಳುತ್ತಿದ್ದ ಹಾಗೇ, ಪ್ರತಿ ಮಾತನ್ನೂ ನಂಬಿ ಹೇಳಬೇಕು. ಕಥೆ ಹೇಳುವವನು ತಾನೇ ನಕ್ಕರೆ ನೋಡುವವರಿಗೆ ನಗಲು ಏನೂ ಉಳಿಯುವುದಿಲ್ಲ. ಹಿನ್ನೆಲೆಯಲ್ಲಿ ನಗುವಿನ ಸದ್ದು ಹಾಕುವುದಿಲ್ಲ. ಮೊಮ್ಮಗಳ ಪ್ರಶ್ನೆ ಆದ ಮೇಲೆ ಅಜ್ಜ ಒಂದು ಕ್ಷಣ ಸುಮ್ಮನೆ ಕೂರುತ್ತಾರೆ. ಎಡಿಟಿಂಗ್‌ನಲ್ಲಿ ಆ ಮೌನವನ್ನು ಕತ್ತರಿಸಲು ಬಿಡುವುದಿಲ್ಲ.

‘ಹಿರಿಯರಿಗೆ ಎದುರು ಮಾತಾಡೋದು ಕಲಿಸ್ತೀರಾ?’ ಅಂತ ಕೆಲವು ಪೋಷಕರು ಕೇಳಿದ್ದುಂಟು. ನಮ್ಮ ಅಜ್ಜ ಯಾವ ಕಂತಿನಲ್ಲೂ ಪೆದ್ದನಾಗುವುದಿಲ್ಲ. ‘ಹೌದಲ್ಲ ಮಗಾ, ನಾನು ಹಾಗೆ ಯೋಚಿಸಿರಲಿಲ್ಲ’ ಅನ್ನುತ್ತಾರೆ. ಹಿರಿಯರೊಬ್ಬರು ಹಾಗೆ ಹೇಳುವುದನ್ನು ಮಕ್ಕಳು ನೋಡಬೇಕು ಅನ್ನುವುದು ನನ್ನ ಆಸೆ.

ಪುಣ್ಯಕೋಟಿಯ ಕಥೆಯನ್ನು ಮಾತ್ರ ಮುಟ್ಟಿಲ್ಲ. ಹುಲಿ ಪ್ರಾಣ ಬಿಡುವ ಆ ಕೊನೆಯನ್ನು ಯಾವ ಒಂದು ಸಾಲಿನ ನೀತಿಯೂ ಹಿಡಿಯಲಾರದು. ಹಾಗಾಗಿ ಅದಕ್ಕೆ ಎದುರು ಹಾಕಲು ನಮ್ಮ ಹತ್ತಿರ ಏನೂ ಇಲ್ಲ.

ಈಗ ಕಾಗೆ–ನರಿಯ ಕಂತು ನಡೆಯುತ್ತಿದೆ. ‘ವಡೆ ಅಜ್ಜಿಯದು, ಕಾಗೆ ಕದ್ದದ್ದು. ಅಜ್ಜಿಗೆ ದುಡ್ಡು ಯಾರು ಕೊಡ್ತಾರೆ?’ ಅಂತ ಕಾಗೆ ಪಾತ್ರದ ಹುಡುಗನೇ ಎತ್ತಿದ್ದಾನೆ. ಅದಕ್ಕೇ ವಡೆ ಮಾರುವ ಅಜ್ಜಿಯನ್ನೂ ಕಥೆಯೊಳಗೆ ಕರೆತಂದಿದ್ದೇವೆ. ಕೊನೆಯ ಗಾದೆ ಅವಳು ಹೇಳಬೇಕೋ, ಮೊಮ್ಮಗಳು ಹೇಳಬೇಕೋ ಅಂತ ಮಕ್ಕಳಲ್ಲಿ ಇನ್ನೂ ಜಗಳ ನಡೆದಿದೆ.