ಭಾರಜಲ ಹಾಕಿದ ಸೆಲ್: ನನ್ನ ಅನುಭವ

ಬ್ಯಾಟರಿ ಚಾರ್ಜ್ ಆಗುತ್ತಿರುವಾಗಲೇ ನ್ಯೂಟ್ರಾನ್ ಡಿಫ್ರ್ಯಾಕ್ಷನ್ (ನ್ಯೂಟ್ರಾನ್ ಹಾಯಿಸಿ ಒಳಗಿನ ಪರಮಾಣುಗಳ ಜೋಡಣೆ ನೋಡುವುದು) ತೆಗೆಯುತ್ತೇನೆ ಅಂದಾಗ, ದಾವಣಗೆರೆಯಲ್ಲಿ ಕೂತು ಆಗುವ ಕೆಲಸವಾ ಎಂದು ಕೇಳಿದವರೇ ಜಾಸ್ತಿ. ಗಾಳಿ, ತೇವ ತಾಗದಂತೆ ಸೆಲ್ ಜೋಡಿಸುವ ಗ್ಲವ್‌ಬಾಕ್ಸ್ ಇರಲಿಲ್ಲ. ಹೈಡ್ರೋಜನ್ ಬದಲು ಡ್ಯೂಟೀರಿಯಂ (ಭಾರವಾದ ಹೈಡ್ರೋಜನ್) ಇರುವ ಕಾರ್ಬೊನೇಟ್ ದ್ರಾವಕಕ್ಕೆ ಕೊಟೇಶನ್ ತರಿಸಿದರೆ ಒಂದು ಸೆಲ್ಲಿಗೇ ಲಕ್ಷ ದಾಟಿತು. ಮಾಮೂಲಿ ಎಲೆಕ್ಟ್ರೊಲೈಟ್ (ಸೆಲ್ಲಿನೊಳಗಿನ ದ್ರವ) ಹಾಕಿದರೆ ಅದರ ಹೈಡ್ರೋಜನ್ ನ್ಯೂಟ್ರಾನ್‌ಗಳನ್ನು ಎಲ್ಲ ಕಡೆ ಚದುರಿಸಿ, ಆ ಹಿನ್ನೆಲೆಯಲ್ಲಿ ನಮಗೆ ಬೇಕಾದ ಪೀಕ್ ಮುಳುಗುತ್ತದೆ.

ಅದಕ್ಕೇ ನೀರಿನ ಸೆಲ್ ಹಿಡಿದೆ. ಎಲೆಕ್ಟ್ರೋಡ್‌ಗೆ ಲಿಥಿಯಂ ಮ್ಯಾಂಗನೀಸ್ ಸ್ಪಿನೆಲ್ ಎಂಬ ಆಕ್ಸೈಡ್, ಉಪ್ಪಾಗಿ ಲಿಥಿಯಂ ಸಲ್ಫೇಟ್, ನೀರಿನ ಬದಲು ಡ್ಯೂಟೀರಿಯಂ ಇರುವ ಭಾರಜಲ. ಭಾರಜಲ ನಮ್ಮ ದೇಶದಲ್ಲೇ ತಯಾರಾಗುತ್ತದೆ. ನ್ಯೂಟ್ರಾನ್ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ವನೇಡಿಯಂ ಡಬ್ಬಿ ಬಿಟ್ಟು ಕ್ವಾರ್ಟ್ಸ್ ಟ್ಯೂಬ್ ತೆಗೆದುಕೊಂಡೆ. ಟೆಫ್ಲಾನ್ ಮುಚ್ಚಳವನ್ನು ಇಲ್ಲಿನ ಲೇತ್ ಅಂಗಡಿಯಲ್ಲೇ ಮಾಡಿಸಿದೆ. ಎರಡೂ ಸೇರಿ ನಾಲ್ಕು ಸಾವಿರದ ಆಸುಪಾಸು. ವೈರ್ ಹೊರಬರುವ ಜಾಗ ಸೋರದಂತೆ ಏನು ಮಾಡಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಮೊದಲ ಸಲ ಎರಡು ದಿನದ ಬೀಮ್ ಹಾಳಾಯಿತು. ಎರಡು ಎಲೆಕ್ಟ್ರೋಡ್ ತಾಗದಂತೆ ನಡುವೆ ಇಡುವ ಸೆಪರೇಟರ್ ಅಂತ ಫಿಲ್ಟರ್ ಪೇಪರ್ ಇಟ್ಟಿದ್ದೆ, ಅದರಲ್ಲೂ ಹೈಡ್ರೋಜನ್ ಇದೆ. ಸಾಲದ್ದಕ್ಕೆ ಸಲ್ಫೇಟ್ ಸೀಸೆಯ ಮೇಲೆ ಮಾನೋಹೈಡ್ರೇಟ್ (ಉಪ್ಪಿನಲ್ಲೇ ನೀರು ಸೇರಿದೆ) ಎಂದು ಬರೆದಿದ್ದನ್ನು ಓದಿಯೂ ಒಣಗಿಸಿರಲಿಲ್ಲ. ಊರಿಗೆ ಬಂದು ಹೈಡ್ರೋಜನ್ ಇಲ್ಲದ ಗಾಜಿನ ನಾರಿನ ಸೆಪರೇಟರ್, ಪುಡಿ ಅಂಟಿಸಲು ಪಿಟಿಎಫ್‌ಇ (ಟೆಫ್ಲಾನ್) ಬೈಂಡರ್‌ಗೆ ಬದಲಾದೆ. ಉಪ್ಪನ್ನು ರಾತ್ರಿಯಿಡೀ 200 ಡಿಗ್ರಿಯಲ್ಲಿಟ್ಟೆ.

ಎರಡನೇ ಸಲ ಹಿನ್ನೆಲೆ ಇಳಿಯಿತು. ಕಾಲು ಚಾರ್ಜಿಗೇ ಪೀಕ್ ಎರಡಾಯಿತು. ಎರಡು ಫೇಸ್ (ಒಟ್ಟಿಗೇ ಇರುವ ಎರಡು ಬೇರೆ ಬೇರೆ ರಚನೆ) ಸಿಕ್ಕಿತು ಎಂದು ಹಿಗ್ಗಿದೆ. ಆದರೆ ಈ ಸ್ಪಿನೆಲ್‌ನಲ್ಲಿ ಅದು ಬರಬೇಕಾದ್ದು ಅರ್ಧ ಲಿಥಿಯಂ ಹೊರಬಂದ ಮೇಲೆ. ಕರೆಂಟ್ ನಿಲ್ಲಿಸಿ ಹತ್ತು ಗಂಟೆ ಬಿಟ್ಟೆ. ಎರಡೂ ಪೀಕ್ ಹತ್ತಿರ ಸರಿದವು. ದಪ್ಪ ಪೆಲೆಟ್‌ನ ಹೊರಮೈ ಚಾರ್ಜ್ ಆಗಿತ್ತು, ಒಳಗೆ ಏನೂ ಆಗಿರಲಿಲ್ಲ.

ನಡುವೆ ಮಂಡಕ್ಕಿ ಭಟ್ಟಿಯಿಂದ ಒಂದು ಚೀಲ ಭತ್ತದ ಹೊಟ್ಟು ತಂದು, ಪೂರ್ತಿ ಬೂದಿಯಾಗದಂತೆ ಸುಟ್ಟು ಇದ್ದಿಲು ಮಾಡಿದೆ. ಬಿಸಿ ಕಾಸ್ಟಿಕ್ ಸೋಡಾದಲ್ಲಿ ಸಿಲಿಕಾ ತೆಗೆದೆ. ಆ ಕಾರ್ಬನ್ನೇ ಎದುರು ಎಲೆಕ್ಟ್ರೋಡ್ ಆಯಿತು. ಅದು ಬೀಮಿನ ಮೇಲ್ಗಡೆ ಇರುವುದರಿಂದ ಎಷ್ಟು ತುಂಬಿದರೂ ತೊಂದರೆಯಿಲ್ಲ. ಕೊಂಡ ಕಾರ್ಬನ್ನಿಗಿಂತ ಏನೂ ಕಡಿಮೆ ಬರಲಿಲ್ಲ.

ಮೂರನೇ ಸಲ ಅದೇ ಏಳು ಗ್ರಾಂ ಸ್ಪಿನೆಲ್ ಪುಡಿಯನ್ನು ಟೈಟಾನಿಯಂ ಮೆಶ್ ಮೇಲೆ ತೆಳ್ಳಗೆ ಒತ್ತಿ, ಪದರ ಪದರವಾಗಿ ಜೋಡಿಸಿದೆ. ಕರೆಂಟ್ 25 ಮಿಲಿಆಂಪಿಯರ್, ಒಂದೊಂದು ಪ್ಯಾಟರ್ನಿಗೆ ಆರು ಗಂಟೆ. ಪೀಕ್ ಒಂದೇ ಆಗಿ ಸರಿಯುತ್ತಾ ಹೋಯಿತು. ಲ್ಯಾಟಿಸ್ (ಹರಳಿನ ಚಿಕ್ಕ ಘಟಕದ ಅಂಚಿನ ಉದ್ದ) 8.24 ಆಂಗ್‌ಸ್ಟ್ರಾಮ್‌ನಿಂದ 8.15ರ ಹತ್ತಿರ ಬಂತು. ಅರ್ಧ ದಾಟಿದ ಮೇಲೆಯೇ ಪೀಕ್‌ನ ಪಕ್ಕದಲ್ಲಿ ಎರಡನೇ ಫೇಸ್‌ನ ಸಣ್ಣ ಭುಜ ಎದ್ದಿತು. ಬೆಳಗಿನ ಜಾವ ನಾಲ್ಕಕ್ಕೆ ಆ ಪ್ಯಾಟರ್ನಿನ ಫೋಟೋ ತೆಗೆದು, ಆಗಲ್ಲ ಅಂದವರಿಗೆಲ್ಲ ಕಳಿಸಿದೆ.